ಮಗಳಿಗೊಂದು ಪತ್ರ: ತುಪ್ಪ ಗಟ್ಟಿಯಾಗದ ಊರಿನಲ್ಲಿ ನಾನ್‌ಖಟಾಯಿ

ಪ್ರೀತಿಯ ಮಗಳೇ,

ನಿನ್ನ ಹೊಸ ಓವನ್ನಿನ ಮೊದಲ ನಾನ್‌ಖಟಾಯಿಯ ಫೋಟೋ ನೋಡಿದೆ. ಎಲ್ಲಾ ಹರಡಿ ಒಂದಕ್ಕೊಂದು ಅಂಟಿಕೊಂಡಿವೆ. ‘ಅವ್ವಾ, ನಿನ್ನ ಅಳತೆನೇ ಸರಿ ಇಲ್ಲ’ ಅಂತ ಬೇರೆ ಬರೆದಿದ್ದೀಯ. ಅಳತೆ ಸರಿಯಾಗೇ ಇದೆ. ಅದು ಬೆಳಗಾವಿಯ ಅಳತೆ, ನೀನು ಮಾಡಿದ್ದು ಚೆನ್ನೈಯಲ್ಲಿ. ಫೋನಿನಲ್ಲಿ ಹೇಳಿದರೆ ಅರ್ಧ ಕೇಳಿ ಅರ್ಧ ಬಿಡುತ್ತೀ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮೂರು ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ದೀಪಾವಳಿ ಹೊತ್ತಿಗೆ ಬೆಳಗಿನ ಥಂಡಿಗೆ ತುಪ್ಪ ಹೆಪ್ಪುಗಟ್ಟಿ, ನೆಟ್ಟ ಚಮಚ ಹಾಗೇ ನಿಂತಿರುತ್ತದೆ. ಅಲ್ಲಿ ನಿನ್ನ ತುಪ್ಪ ಎಣ್ಣೆಯ ಹಾಗೆ ಹರಿಯುತ್ತದೆ. ನಾನ್‌ಖಟಾಯಿಗೆ ನಾವು ನೀರನ್ನೂ ಹಾಕುವುದಿಲ್ಲ, ಹಾಲನ್ನೂ ಹಾಕುವುದಿಲ್ಲ. ಹಿಟ್ಟನ್ನು ಹಿಡಿದಿಡುವುದು ಗಟ್ಟಿ ತುಪ್ಪ ಮಾತ್ರ. ಸಕ್ಕರೆ ಜೊತೆ ತಿಕ್ಕುವಾಗ ಗಾಳಿ ಸೇರಿ ಅದು ಬೆಳ್ಳಗೆ, ಹಗುರ ಆಗಬೇಕು. ಕರಗಿದ ತುಪ್ಪದಲ್ಲಿ ಗಾಳಿ ನಿಲ್ಲುವುದಿಲ್ಲ. ಆಮೇಲೆ ಓವನ್ನಿನಲ್ಲಿ ಬಿಸ್ಕೀಟು ಬೇಯುವ ಮೊದಲೇ ತುಪ್ಪ ಓಡಿಹೋಗುತ್ತದೆ.

ಹಾಗಾಗಿ ತುಪ್ಪವನ್ನು ಮೊದಲು ಫ್ರಿಜ್‌ನಲ್ಲಿಡು. ಕಲ್ಲಾಗುವುದು ಬೇಡ, ಬೆರಳಿಂದ ಒತ್ತಿದರೆ ಗುಳಿ ಬೀಳುವಷ್ಟು ಸಾಕು. 150 ಗ್ರಾಂ ತುಪ್ಪಕ್ಕೆ 125 ಗ್ರಾಂ ಪುಡಿ ಸಕ್ಕರೆ. ಚೆನ್ನಾಗಿ ತಿಕ್ಕು, ಕೈ ಸೋತರೂ ಇನ್ನೊಂದು ಸ್ವಲ್ಪ ತಿಕ್ಕು. ಆಮೇಲೆ 200 ಗ್ರಾಂ ಮೈದಾ, 50 ಗ್ರಾಂ ಕಡಲೆಹಿಟ್ಟು, ಎರಡು ಚಮಚ ಚಿರೋಟಿ ರವೆ, ಯಾಲಕ್ಕಿ, ಚಿಟಿಕೆ ಉಪ್ಪು. ಸೋಡಾ ಕಾಲು ಚಮಚ ಸಾಕು, ಜಾಸ್ತಿ ಆದರೆ ಸಾಬೂನಿನ ರುಚಿ ಬರುತ್ತದೆ. ಹಿಟ್ಟನ್ನು ಚಪಾತಿ ಹಿಟ್ಟಿನ ಹಾಗೆ ನಾದಬೇಡ, ಸುಮ್ನೆ ಒಟ್ಟು ಮಾಡು. ನಾದಿದರೆ ಬಾಯಲ್ಲಿ ಕರಗುವುದಿಲ್ಲ. ಉಂಡೆ ಮಾಡಿ, ತಟ್ಟೆಯನ್ನೇ ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟು, ಕಾದ ಓವನ್ನಿಗೆ ಹಾಕು. 160 ಡಿಗ್ರಿ, ನಡುವಿನ ಅಂತಸ್ತು, ಸುಮಾರು 20 ನಿಮಿಷ. ತೆಗೆದಾಗ ಮೆತ್ತಗೇ ಇರುತ್ತವೆ. ಬೇಯಲಿಲ್ಲ ಅಂತ ಮತ್ತೆ ಒಳಗೆ ತಳ್ಳಬೇಡ, ಆರಿದ ಮೇಲೆ ಗರಿಯಾಗುತ್ತವೆ.

ಇದು ನಮ್ಮ ಮನೆಯಲ್ಲಿ ಯಾರೂ ಪುಸ್ತಕ ನೋಡಿ ಕಲಿತದ್ದಲ್ಲ. ನಾನು ಚಿಕ್ಕವಳಿದ್ದಾಗ ಓವನ್ ಯಾರ ಮನೆಯಲ್ಲಿತ್ತು? ಹಬ್ಬಕ್ಕೆ ಎರಡು ವಾರ ಮೊದಲು ರವಿವಾರ ಪೇಟೆಯಿಂದ ಸಾಮಾನು ತಂದು, ಮೈದಾ, ಸಕ್ಕರೆ, ಡಾಲ್ಡಾ ಎಲ್ಲಾ ಹೊತ್ತುಕೊಂಡು ಬೇಕರಿಯ ಭಟ್ಟಿಗೆ ಹೋಗುತ್ತಿದ್ದೆವು. ಓಣಿಯ ಹೆಂಗಸರೆಲ್ಲ ಅಲ್ಲೇ. ಕೂಲಿ ಕಿಲೋ ಲೆಕ್ಕದಲ್ಲಿ. ಇಟ್ಟಿಗೆಯ ಭಟ್ಟಿಯೊಳಗೆ ಕಟ್ಟಿಗೆ ಉರಿಸಿ, ಕೆಂಡ ಸರಿಸಿ, ಮೊದಲು ಜೋರು ಕಾವಿನಲ್ಲಿ ಬ್ರೆಡ್ಡು ಬೇಯಿಸುತ್ತಿದ್ದರು. ಕಾವು ಇಳಿದ ಮೇಲೆ ನಮ್ಮ ಬಿಸ್ಕೀಟಿನ ಪಾಳಿ. ಕಾವು ನೋಡಲು ಯಂತ್ರ ಇರಲಿಲ್ಲ. ಚಿಟಿಕೆ ಹಿಟ್ಟು ಒಳಗೆ ಎಸೆದು, ಅದು ಎಷ್ಟು ಹೊತ್ತಿಗೆ ಕೆಂಪಾಗುತ್ತದೆ ಅಂತ ನೋಡುತ್ತಿದ್ದರು. ‘ಡಾಲ್ಡಾ ಕರಗಿಸಿ ತರಬ್ಯಾಡ್ರಿ ಅಕ್ಕಾರ’ ಅಂತ ಭಟ್ಟಿಯವರು ನಿನ್ನ ಅಜ್ಜಿಗೆ ಪ್ರತಿ ಸಲ ಹೇಳೋರು. ಮನೆಗೆ ಬರುವಾಗ ದೊಡ್ಡ ಡಬ್ಬಿ ಇನ್ನೂ ಬಿಸಿ. ದಾರಿಯಲ್ಲೇ ಮುಚ್ಚಳ ತೆಗೆಯೋದು ನಿನ್ನ ಮಾವನ ಕೆಲಸ.

ಈಗ ನೀನು ಕೇಳಿದ ಉಳಿದ ಪಟ್ಟಿ: ಚಕ್ಕುಲಿ, ಶಂಕರಪಾಳಿ, ಕರ್ಚಿಕಾಯಿ, ಚೂಡಾ. ಅಳತೆ ಕೊಡುವುದಿಲ್ಲ, ಸಿಟ್ಟಾಗಬೇಡ. ನಮ್ಮನೆಯಲ್ಲಿ ಇವನ್ನೆಲ್ಲ ಯಾರೂ ಒಬ್ಬರೇ ಮಾಡಿದವರಲ್ಲ. ಅಜ್ಜಿ ಹಿಟ್ಟು ಕಲಸಿದರೆ ದೊಡ್ಡವ್ವ ಲಟ್ಟಿಸುತ್ತಿದ್ದಳು, ನಾನು ಕರಿಯುತ್ತಿದ್ದೆ. ಆಫೀಸಿಂದ ಎಂಟು ಗಂಟೆಗೆ ಬಂದು ರಾತ್ರಿಯೆಲ್ಲ ಎಣ್ಣೆ ಮುಂದೆ ನಿಂತರೆ ಹಬ್ಬದ ದಿನ ನೀನು ಮಲಗಿಯೇ ಇರುತ್ತೀ. ಈ ವರ್ಷ ನಾನ್‌ಖಟಾಯಿ ಒಂದೇ ಮಾಡು. ಉಳಿದದ್ದು ನಾನು ಕಳಿಸುತ್ತೇನೆ. ಕ್ರಿಸ್‌ಮಸ್ಸಿಗೆ ಕ್ಯಾಂಪಿನ ನಮ್ಮ ಗೆಳತಿ ಮನೆಯಿಂದ ಹೇಗೂ ಕುಸ್ವಾರದ, ಅಂದರೆ ಅವರ ಹಬ್ಬದ ತಿಂಡಿಗಳ, ತಟ್ಟೆ ಬರುತ್ತದೆ, ಅದರಲ್ಲಿ ನಿನ್ನ ಪಾಲಿನ ನೆವ್ರಿ ತೆಗೆದಿಡುತ್ತೇನೆ. ಅದು ನಮ್ಮ ಕರ್ಚಿಕಾಯಿಯೇ ಅಂತ ನೀನು, ಅಲ್ಲ ಅಂತ ಅವರ ಮಗಳು ಜಗಳ ಆಡುತ್ತಿದ್ದಿರಲ್ವಾ!

ಡಬ್ಬಿಯ ವಿಷಯ ಮರೆಯಬೇಡ. ನಿಮ್ಮಲ್ಲಿ ದೀಪಾವಳಿ ಅಂದರೆ ಮಳೆಗಾಲ. ಬಿಸ್ಕೀಟು ಪೂರಾ ಆರಿದ ಮೇಲೇ ತುಂಬು, ಮುಚ್ಚಳ ಬಿಗಿ ಇರಲಿ. ನಿನ್ನಪ್ಪನ ಹಾಗೆ ಅರ್ಧ ತೆರೆದು ಹೋದರೆ ಮರುದಿನವೇ ಮೆತ್ತಗಾಗುತ್ತವೆ. ಆದರೂ ಎಸೆಯಬೇಡ, 120 ಡಿಗ್ರಿಯಲ್ಲಿ ಐದಾರು ನಿಮಿಷ ಇಟ್ಟು ಆರಿಸು. ಖಡಕ್ ರೊಟ್ಟಿ ಮೆತ್ತಗಾದರೂ ಅಷ್ಟೇ, ತವೆ ಮೇಲೆ ಬಿಸಿ ಮಾಡಿದರೆ ಸಾಕು. ಇನ್ನು ಜೋಳದ ಹಿಟ್ಟು ಹಳೆಯದಾದರೆ ಜಿಗಿ ಹೋಗುತ್ತದೆ, ರೊಟ್ಟಿ ಬಡಿಯುವಾಗ ಅಂಚು ಬಿರಿಯುತ್ತದೆ. ಕುದಿಯುವ ಎಸರು ಹಾಕಿ ಕಲಸಿ ನೋಡು, ಸ್ವಲ್ಪ ಸುಧಾರಿಸುತ್ತದೆ. ಅಪ್ಪ ಬರುವಾಗ ಹೊಸದಾಗಿ ಬೀಸಿದ ಹಿಟ್ಟು ತರುತ್ತಾರೆ. ಒಂದು ತಿಂಗಳಿಗೆ ಆಗುವಷ್ಟೇ ಕಳಿಸುತ್ತೇನೆ, ಜಾಸ್ತಿ ಕೇಳಬೇಡ.

ಶನಿವಾರ ಮಾಡುವಾಗ ಮೊದಲು ನಾಲ್ಕೇ ಉಂಡೆ ಇಟ್ಟು ನೋಡು. ಮತ್ತೆ ಹರಡಿದರೆ ಉಳಿದ ಹಿಟ್ಟಿಗೆ ಎರಡು ಚಮಚ ಮೈದಾ ಸೇರಿಸು. ಆಮೇಲೆ ಫೋನ್ ಮಾಡು. ನಾಲ್ಕು ಗಂಟೆ ಒಳಗೆ ಮಾಡು, ಆಮೇಲೆ ನಾನು ಗಿರಣಿಗೆ ಹೋಗಬೇಕು.

ಇಂತಿ,
ನಿನ್ನ ಅವ್ವ