ಅಮ್ಮ ‘ಇಲ್ಲ’ ಎಂದ ಮಧ್ಯಾಹ್ನ

ಚಿ. ಸೌ. ಸುಮಳಿಗೆ ಅಪ್ಪ ಮಾಡುವ ಆಶೀರ್ವಾದಗಳು.

ಉಭಯ ಕುಶಲೋಪರಿ ಎಂದು ಬರೆಯಲು ಈ ಬಾರಿ ಕೈ ಏಳಲಿಲ್ಲ. ಮೊನ್ನೆ ಫೋನಿನಲ್ಲಿ ನೀನು “ನಾನೇನು ಹೊರಗಿನವಳೇ?” ಎಂದು ಕೇಳಿದ್ದು ನ್ಯಾಯವಾಗಿಯೇ ಇತ್ತು. ಅಮ್ಮನಿಗೆ ಸ್ತನದ ಕ್ಯಾನ್ಸರ್ ಎಂದು ಬಯಾಪ್ಸಿ ವರದಿ ಬಂದು ಹನ್ನೆರಡು ದಿನಗಳಾದ ಮೇಲೆ, ಅದೂ ಚಿಕ್ಕಮ್ಮನ ಬಾಯಿಂದ, ನಿನಗೆ ವಿಷಯ ತಿಳಿಯಬಾರದಿತ್ತು. ಮುಚ್ಚಿಟ್ಟವನು ನಾನು, ಅಮ್ಮನಲ್ಲ. ಅದಕ್ಕಾಗಿ ನಿನ್ನ ಕ್ಷಮೆ ಕೇಳುತ್ತೇನೆ. ಆದರೆ ಅದೇ ಮಾತಿನ ಕೊನೆಗೆ, ನೀನೂ ಒಮ್ಮೆ ತಪಾಸಣೆ ಮಾಡಿಸಿಕೋ ಎಂದಾಗ “ನನಗೇನೂ ಆಗಿಲ್ಲ ಬಿಡಪ್ಪ” ಎಂದು ಫೋನ್ ಇಟ್ಟುಬಿಟ್ಟೆ. ಆ ಮಾತು ಎರಡು ರಾತ್ರಿ ನನ್ನನ್ನು ಮಲಗಗೊಡಲಿಲ್ಲ, ಏಕೆಂದರೆ ಅದೇ ಧ್ವನಿಯ ಮಾತೊಂದನ್ನು ನಾನು ಈ ಮನೆಯಲ್ಲಿ ಮೊದಲೇ ಕೇಳಿದ್ದೆ.

ಕಳೆದ ಶ್ರಾವಣದಲ್ಲಿ ಆಶಾ ಕಾರ್ಯಕರ್ತೆ ಮನೆಗೆ ಬಂದಿದ್ದರು. ಮೂವತ್ತು ದಾಟಿದವರನ್ನೆಲ್ಲ ಕೇಳಿ ತುಂಬುವ ನಮೂನೆ ಅವರ ಕೈಯಲ್ಲಿತ್ತು. ನಾನು ಜಗುಲಿಯಲ್ಲಿ ಪತ್ರಿಕೆ ಓದುತ್ತಿದ್ದೆ. ಅಮ್ಮ ಬಾಗಿಲಿಗೆ ಒರಗಿ ನಿಂತಿದ್ದಳು. ತಂಬಾಕು, ಕೆಮ್ಮು, ತೂಕ ಎಂದೆಲ್ಲ ಕೇಳಿದ್ದಕ್ಕೆ ಚುರುಕಾಗಿ ಉತ್ತರಿಸಿದವಳು, “ಎದೆಯಲ್ಲಿ ಗಂಟೇನಾದರೂ ಇದೆಯೇ ಅಮ್ಮಾ?” ಎಂದಾಗ ಸುಮ್ಮನಾದಳು. ಆ ಮೌನ ನನಗೆ ಕೇಳಿಸಿತು, ಸುಮಾ. ಪತ್ರಿಕೆಯನ್ನು ಮುಖಕ್ಕೆ ಇನ್ನಷ್ಟು ಎತ್ತಿ ಹಿಡಿದೆನೇ ಹೊರತು ಎದ್ದು ಹೋಗಲಿಲ್ಲ. “ಇಲ್ಲ” ಎಂದಳು. ಮೊಲೆತೊಟ್ಟಿನಿಂದ ರಕ್ತ, ಮುಟ್ಟು ನಿಂತ ಮೇಲೆ ರಕ್ತಸ್ರಾವ, ಹೀಗೆ ಆಕೆ ದನಿ ತಗ್ಗಿಸಿ ಕೇಳುತ್ತ ಹೋದದ್ದಕ್ಕೆಲ್ಲ “ಇಲ್ಲ”, “ಇಲ್ಲ”. ಆ ಹೊತ್ತಿಗೆ ಗಂಟು ಅವಳ ಕೈಗೆ ಸಿಕ್ಕಿ ಒಂದು ತಿಂಗಳಾಗಿತ್ತಂತೆ.

ಜಗುಲಿಯಿಂದ ಅಂಗಳಕ್ಕೆ ಇಳಿಯಲು ಮೂರು ಮೆಟ್ಟಿಲು. ತೋಟಕ್ಕೆ ಹೋಗಿ ಬರುತ್ತೇನೆ ಎಂದು ಎದ್ದಿದ್ದರೂ ಸಾಕಿತ್ತು. ನಾನಲ್ಲಿ ಇರದಿದ್ದರೆ ಹೇಳುತ್ತಿದ್ದೆಯಾ ಎಂದು ಮೊನ್ನೆ ಅವಳನ್ನು ಕೇಳಿದೆ. ಅವಳು ಅಕ್ಕಿ ಆರಿಸುವುದನ್ನು ನಿಲ್ಲಿಸದೆ, “ಹೇಳುತ್ತಿದ್ದೆನೋ ಏನೋ” ಎಂದಳು. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಜೀವಕೋಶ ವಿಭಜನೆಯ ಚಿತ್ರ ಬರೆದವನ ಹೆಂಡತಿಗೆ, ಅವನೆದುರು ತನ್ನ ಎದೆಯ ಗಂಟಿನ ಮಾತನ್ನು ಆಡಲು ಆಗಲಿಲ್ಲ. ಪ್ರತಿ ಸಂಜೆ ಆ ಬೆಂಚಿನ ಮೇಲೆ ಕುಳಿತಾಗ ಪತ್ರಿಕೆ ಮಡಿಸಿ ಏಳುವುದನ್ನು ಮನಸ್ಸಿನಲ್ಲೇ ಮಾಡಿ ನೋಡುತ್ತೇನೆ. ಏಳು ತಿಂಗಳು ಉಳಿಯುತ್ತಿದ್ದವು.

ನೋವಿರಲಿಲ್ಲ, ಅದಕ್ಕೇ ಬಿಟ್ಟೆ ಎನ್ನುತ್ತಾಳೆ. ಇದೊಂದನ್ನು ನೀನು ನೆನಪಿಡಬೇಕು: ಸ್ತನದ ಕ್ಯಾನ್ಸರ್ ಗಂಟು ಆರಂಭದಲ್ಲಿ ಬಹುಮಟ್ಟಿಗೆ ನೋಯುವುದೇ ಇಲ್ಲ. ಸ್ತನದ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲವೆಂಬುದೂ ನಿಜ, ಆದರೆ ಯಾವುದು ಏನು ಎಂಬುದನ್ನು ನಿರ್ಧರಿಸಬೇಕಾದವರು ವೈದ್ಯರೇ ಹೊರತು ನಮ್ಮ ಸಂಕೋಚವಲ್ಲ. ಚರ್ಮದಲ್ಲಿ ಗುಳಿ, ಒಳಸೇರಿದ ತೊಟ್ಟು, ಕಂಕುಳಲ್ಲಿ ಗಡ್ಡೆ, ಯಾವುದು ಕಂಡರೂ ತಡಮಾಡಬೇಡ. ನಿನಗೀಗ 34. ಈ ವಯಸ್ಸಿನಲ್ಲಿ ಸ್ತನದ ಅಂಗಾಂಶ ದಟ್ಟವಾಗಿರುವುದರಿಂದ ಸ್ತನದ ಎಕ್ಸ್-ರೇ ಆದ ಮ್ಯಾಮೋಗ್ರಾಂನಲ್ಲಿ ಗಂಟು ಮರೆಯಾಗಬಹುದು, ಹಾಗಾಗಿ ಅಲ್ಟ್ರಾಸೌಂಡ್ ಬೇಕಾದೀತು. ಅಮ್ಮನಿಗೆ 56ರಲ್ಲಿ ಬಂದಿತೆಂದು ಮರೆಯದೆ ಹೇಳು. ಸ್ತನ ಕ್ಯಾನ್ಸರಿನಲ್ಲಿ ವಂಶವಾಹಿಯಾಗಿ ಬರುವುದು ನೂರಕ್ಕೆ 5ರಿಂದ 10 ಮಾತ್ರ, ಆದ್ದರಿಂದ ಹೆದರಿ ಕೂರಬೇಡ. ಆದರೆ ಅಂಥ ಜೀನ್ ತಂದೆಯ ಕಡೆಯಿಂದಲೂ ಬರಬಹುದಾದ್ದರಿಂದ ನನ್ನ ಮನೆತನದ ವಿಚಾರವನ್ನೂ ಹೇಳು.

ಗರ್ಭಕೊರಳಿನ ಕ್ಯಾನ್ಸರ್ ಪರೀಕ್ಷೆಯನ್ನೂ ಅದೇ ದಿನ ಮಾಡಿಸು. ಸರ್ಕಾರದ ಕಾರ್ಯಕ್ರಮದಲ್ಲಿ 30ರಿಂದ 65ರವರೆಗಿನ ಹೆಂಗಸರಿಗೆ ಐದು ವರ್ಷಕ್ಕೊಮ್ಮೆ ಅದಿದೆ. ವಿನೆಗರಿನಲ್ಲಿರುವ ಆಮ್ಲವನ್ನೇ ತೆಳುವಾಗಿ ಹಚ್ಚಿ, ಬೆಳ್ಳಗಾಗುವ ಜಾಗವಿದೆಯೇ ಎಂದು ನೋಡುತ್ತಾರೆ. ದೊಡ್ಡ ಆಸ್ಪತ್ರೆಗಳಲ್ಲಿ ಅಲ್ಲಿನ ಜೀವಕೋಶಗಳನ್ನು ನೋಡುವ ಪ್ಯಾಪ್ ಅಥವಾ ಆ ಕ್ಯಾನ್ಸರ್ ತರುವ ವೈರಸ್ಸನ್ನು ಹುಡುಕುವ ಎಚ್‌ಪಿವಿ ಪರೀಕ್ಷೆ ಇರುತ್ತದೆ. ಪುಟ್ಟಿಗೆ ಹನ್ನೊಂದು ತುಂಬಿತು. ಎಚ್‌ಪಿವಿ ಲಸಿಕೆ ಹಾಕಿಸಲು 9ರಿಂದ 14 ಒಳ್ಳೆಯ ವಯಸ್ಸು. ಪತ್ರ ಪಾಠವಾಗುತ್ತಿದೆ ಎಂದು ಬಲ್ಲೆ, ಆದರೂ ನಿಲ್ಲಿಸಲಾರೆ.

ಸಂತಾನೋತ್ಪತ್ತಿಯ ಅಧ್ಯಾಯವನ್ನು “ಮನೆಯಲ್ಲಿ ಓದಿಕೊಳ್ಳಿ” ಎಂದು ನಾನು ದಾಟಿಸಿದಾಗ, ಇಡೀ ತರಗತಿಯಲ್ಲಿ ನೀನೊಬ್ಬಳೇ ಎದ್ದು ನಿಂತು “ಪರೀಕ್ಷೆಗೆ ಇದೆಯಲ್ಲ ಸರ್, ಪಾಠ ಮಾಡಿ” ಎಂದಿದ್ದೆ. ಅಂದು ಸಂಜೆ ನಿನ್ನನ್ನು ಬೈದೆ. ಬೈದದ್ದು ತಪ್ಪು. ಆ ಹುಡುಗಿಯ ಬಗ್ಗೆ ನನಗೆ ಆಗಲೂ ಒಳಗೊಳಗೇ ಹೆಮ್ಮೆಯಿತ್ತು. ಅವಳು ಈಗ ನನ್ನ ಮುಂದೆ “ಏನೂ ಆಗಿಲ್ಲ” ಎನ್ನಬಾರದು.

ಮುಂದಿನ ಬುಧವಾರ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಅಮ್ಮನ ಶಸ್ತ್ರಚಿಕಿತ್ಸೆ. ಕ್ಯಾನ್ಸರ್ ಎರಡನೆಯ ಹಂತದಲ್ಲಿದೆ ಎಂದಿದ್ದಾರೆ. ಆಮೇಲೆ ಕಿಮೊ ಇರುತ್ತದೆ. ಭಾನುವಾರ ರಾತ್ರಿಯ ತಾಳಗುಪ್ಪದ ರೈಲಿಗೆ ಹೊರಡುತ್ತೇವೆ, ನೀನು ಮೈಸೂರಿನಿಂದ ಸೋಮವಾರ ಬಂದರೆ ಸಾಕು. ಬರುವಾಗ ಮುಂದೆ ಗುಂಡಿಯಿರುವ ಸಡಿಲವಾದ ಎರಡು ನೈಟಿ ತರಬೇಕಂತೆ. ಸ್ತನ ತೆಗೆದ ಮೇಲೆ ಕೆಲವು ವಾರ ತೋಳೆತ್ತಿ ತಲೆಯ ಮೇಲಿಂದ ತೊಡಲು ಆಗುವುದಿಲ್ಲ ಎಂದು ನರ್ಸ್ ತಿಳಿಸಿದ್ದನ್ನು ಅಮ್ಮನೇ, ಜಗುಲಿಯಲ್ಲಿ ನನ್ನ ಪಕ್ಕದಲ್ಲಿ ಕುಳಿತು, ನನಗೆ ಬಾಯಿಬಿಟ್ಟು ಹೇಳಿದಳು.

ಇಂತಿ,
ಅಪ್ಪ