ಸುಣ್ಣ, ಮೈಲುತುತ್ತ, ಫಾರ್ಮಿಕ್ ಆಸಿಡ್ ಇನ್ನು ಬಿಡಿಯಾಗಿ ಸಿಗುವುದಿಲ್ಲ

ಮಾನ್ಯ ಗ್ರಾಹಕರೇ,

ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯುವ ಕೆಲಸ ಶುರುವಾಗುವ ಮೊದಲೇ ತಿಳಿಸುತ್ತಿದ್ದೇವೆ. ಸುಟ್ಟ ಸುಣ್ಣ, ಮೈಲುತುತ್ತ, ರಬ್ಬರ್ ಹಾಲು ಹೆಪ್ಪುಗಟ್ಟಿಸುವ ಫಾರ್ಮಿಕ್ ಆಸಿಡ್, ಈ ಮೂರನ್ನೂ ಇನ್ನು ಬಿಡಿಯಾಗಿ ಕೊಡುವುದಿಲ್ಲ. ಮನೆಯಿಂದ ತಂದ ನೀರಿನ ಬಾಟಲಿಗೆ ಆಸಿಡ್ ತುಂಬಿಕೊಡುವುದಂತೂ ಇಲ್ಲವೇ ಇಲ್ಲ. ಸೀಲ್ ಮಾಡಿದ ಚೀಲ, ಕ್ಯಾನ್‌ಗಳ ಮೇಲೆ ನಾಲ್ಕು ಬಣ್ಣದ ವಜ್ರಾಕಾರದ ಚೀಟಿ ಇರುತ್ತದೆ.

ಇದು ಅಮೆರಿಕದ ಅಗ್ನಿ ಸುರಕ್ಷತಾ ಸಂಸ್ಥೆಯ ಎನ್‌ಎಫ್‌ಪಿಎ 704 ಪದ್ಧತಿ. ಎಡಗಡೆಯ ನೀಲಿ ಮೈಗಾಗುವ ಹಾನಿಗೆ, ಮೇಲಿನ ಕೆಂಪು ಬೆಂಕಿಗೆ, ಬಲಗಡೆಯ ಹಳದಿ ವಸ್ತು ಕೆರಳುವ ಗುಣಕ್ಕೆ. ಕೆಳಗಿನ ಬಿಳಿ ಮನೆ ವಿಶೇಷ ಎಚ್ಚರಿಕೆಗೆ. 0 ಎಂದರೆ ಅತಿ ಕಡಿಮೆ, 4 ಎಂದರೆ ಅತಿ ಹೆಚ್ಚು ಅಪಾಯ.

ಸುಣ್ಣದ ಚೀಟಿಯನ್ನು ಸರಿಯಾಗಿ ನೋಡಿ. ನೀಲಿಯಲ್ಲಿ 3, ಹಳದಿಯಲ್ಲಿ 2, ಬಿಳಿಯಲ್ಲಿ ಅಡ್ಡಗೆರೆ ಎಳೆದ ಡಬ್ಲ್ಯೂ. ಅಂದರೆ ನೀರು ತಾಗಿದರೆ ಕೆರಳುತ್ತದೆ. ನಮ್ಮ ಮಳೆಗೆ ಕೊಟ್ಟಿಗೆಯ ನೆಲ ಜಿನುಗಿದರೂ ಸಾಕು, ಚೀಲ ಉಬ್ಬಿ ಬಿರಿಯುತ್ತದೆ, ಪಕ್ಕದ ಒಣಹುಲ್ಲಿಗೆ ಕಿಚ್ಚು ಹತ್ತುವಷ್ಟು ಕಾವೇರುತ್ತದೆ. ಮರದ ಹಲಗೆಯ ಮೇಲಿಡಿ. ಕದಡುವಾಗ ನೀರಿಗೆ ಸುಣ್ಣವನ್ನು ಸ್ವಲ್ಪಸ್ವಲ್ಪವೇ ಹಾಕಿ. ಆಸಿಡ್‌ಗೂ ಇದೇ ಕ್ರಮ: ನೀರಿಗೆ ಆಸಿಡ್, ಆಸಿಡ್‌ಗೆ ನೀರಲ್ಲ. ಅದರ ನೀಲಿಯಲ್ಲೂ 3 ಇದೆ, ಕೆಂಪಿನಲ್ಲಿ 2. ಕಣ್ಣಿಗೆ ಸಿಡಿದರೆ ಹದಿನೈದು ನಿಮಿಷ ಹರಿಯುವ ನೀರಲ್ಲಿ ತೊಳೆದು, ಚೀಟಿ ಸಮೇತ ಆಸ್ಪತ್ರೆಗೆ ಹೋಗಿ.

ಮೈಲುತುತ್ತಕ್ಕೆ ನೀಲಿಯಲ್ಲಿ 2, ಕೆಂಪು, ಹಳದಿ ಎರಡರಲ್ಲೂ 0. ಇದನ್ನು ನೋಡಿ ಸಲೀಸು ಮಾಲು ಎನ್ನಬೇಡಿ. ಈ ಚೀಟಿ ನೀರಿನ ಜೀವಿಗಳ ಲೆಕ್ಕವನ್ನೇ ಹಾಕುವುದಿಲ್ಲ. ಮೈಲುತುತ್ತದಲ್ಲಿರುವ ತಾಮ್ರ ಮೀನಿಗೆ ಕಡುವಿಷ. ಬೋರ್ಡೋ, ಅಂದರೆ ಮೈಲುತುತ್ತ, ಸುಣ್ಣ ಬೆರೆಸಿದ ಔಷಧಿ ಹೊಡೆದ ಪಂಪನ್ನು ಹಳ್ಳದಲ್ಲಿ ತೊಳೆಯಬಾರದು.

ಹೆಚ್ಚು ಗೊಂದಲವಾಗುವುದು ಬಣ್ಣ, ಅಂಕಿಗಳಲ್ಲಿ. ಕೀಟನಾಶಕದ ಡಬ್ಬಿಯ ಮೇಲೂ ವಜ್ರಾಕಾರದ ಗುರುತಿದೆ, ಆದರೆ ಅದರ ಲೆಕ್ಕವೇ ಬೇರೆ. ಅಲ್ಲಿ ಕೆಂಪು ಎಂದರೆ ಬೆಂಕಿಯಲ್ಲ, ಅತಿ ಘೋರ ವಿಷ. ನಂತರ ಹಳದಿ, ನೀಲಿ, ಕೊನೆಗೆ ಹಸಿರು. ಹಸಿರೂ ವಿಷವೇ, ಕೈಗವಸು ಬೇಕೇ ಬೇಕು. ಇನ್ನು ಮಾಲಿನ ಜೊತೆ ಬರುವ ಸುರಕ್ಷತಾ ಹಾಳೆ ಜಿಎಚ್‌ಎಸ್ ಎಂಬ ಅಂತರರಾಷ್ಟ್ರೀಯ ಪದ್ಧತಿಯದು. ಅಲ್ಲಿ ಅಂಕಿ ತಿರುಗಾಮುರುಗಾ: ವರ್ಗ 1 ಅತಿ ಅಪಾಯ, 4 ಅದಕ್ಕಿಂತ ಕಡಿಮೆ. ಹಾಳೆಯ 1 ನೋಡಿ ಸಮಾಧಾನಪಟ್ಟರೆ ಕೆಟ್ಟಿರಿ.

ಮನೆಯಲ್ಲಿ ಹಳೆಯ ಆಸಿಡ್ ಉಳಿದಿದ್ದರೆ ಮಳಿಗೆಗೆ ಬಂದು ಅದಕ್ಕೊಂದು ಚೀಟಿ ಒಯ್ಯಿರಿ, ದುಡ್ಡು ಕೊಡಬೇಕಿಲ್ಲ. ಮಕ್ಕಳ ಕೈಗೆ ಸಿಗದ ಕಡೆ, ಸುಣ್ಣದಿಂದ ದೂರ ಇಡಿ.

ಇಂತಿ,
ವ್ಯವಸ್ಥಾಪಕರು, ಕೃಷಿ ಪರಿಕರ ಮಳಿಗೆ
ತೀರ್ಥಹಳ್ಳಿ