ಎಲ್ಲಿದ್ದೆ ಅಂತ ಹೇಳಲಾರದವರು

ಪ್ರೀತಿಯ ತಮ್ಮಾ,

ನಿನ್ನ ಹಸ್ತಪ್ರತಿಯನ್ನು ಎರಡು ಸಲ ಓದಿದೆ. ಮೊದಲ ಸಲ ಕೊಂದವರು ಯಾರು ಅನ್ನೋ ಕುತೂಹಲಕ್ಕೆ, ಎರಡನೇ ಸಲ ಪೆನ್ಸಿಲ್ ಹಿಡಿದು. 1955ರ ದಕ್ಷಿಣ ಆಫ್ರಿಕಾದ ಜೋಹಾನ್ಸ್‌ಬರ್ಗ್, ಅಲ್ಲಿ ಹೆಚ್ಚಾಗಿ ಕಪ್ಪು ಜನರಿದ್ದ ಬಡಾವಣೆ ಸೋಫಿಯಾಟೌನಿನ ಹಿತ್ತಲಲ್ಲೊಂದು ಹೆಣ, ತನಿಖೆಗೆ ಬರುವ ಬಿಳಿಯ ಅಧಿಕಾರಿ. ಎತ್ತುಗಡೆ ಚೆನ್ನಾಗಿದೆ. ಆದರೆ ನಾಲ್ಕನೇ ಅಧ್ಯಾಯದಲ್ಲಿ ಅವನು ಕಿಟಕಿ ಪಕ್ಕ ನಿಂತು ವರ್ಣಭೇದದ ಮೇಲೆ ಮೂರು ಪುಟ ಭಾಷಣ ಬಿಗೀತಾನಲ್ಲ, ಅಲ್ಲಿ ನನಗೆ ಆಕಳಿಕೆ ಬಂತು. ಬೇಜಾರಾಗಬೇಡ, ನನ್ನ ಮೊದಲ ಕಾದಂಬರಿಯಲ್ಲಿ ಇಂಥ ಭಾಷಣ ಐದಿದ್ದವು.

ಪತ್ತೇದಾರನ ಹಳೇ ಪ್ರಶ್ನೆ ಇದೆಯಲ್ಲ, 'ಆ ರಾತ್ರಿ ಎಲ್ಲಿದ್ದೆ?' ಅಂತ, ಅದನ್ನೇ ಹಿಡಿ. ಬೇರೆ ಕಡೆ ನಿರಪರಾಧಿ ಇದಕ್ಕೆ ಉತ್ತರ ಕೊಟ್ಟು ಪಾರಾಗ್ತಾನೆ. ನಿನ್ನ ಕಥೆಯ ಊರಲ್ಲಿ ಉತ್ತರವೇ ಅಪರಾಧ. ಅಲ್ಲೇ ಹುಟ್ಟಿದವರು, ವರ್ಷಗಟ್ಟಲೆ ದುಡಿದವರಂಥ ಕೆಲವರನ್ನು ಬಿಟ್ಟರೆ ಕಪ್ಪು ಜನ ಅನುಮತಿಯಿಲ್ಲದೆ ನಗರದಲ್ಲಿ 72 ಗಂಟೆ ಮೀರಿ ಇರುವಂತಿರಲಿಲ್ಲ. ನಾಲ್ಕನೇ ದಿನ ಕೊಲೆ ಕಣ್ಣಾರೆ ಕಂಡವನು ಬಾಯಿ ಬಿಡ್ತಾನಾ? ಬಿಳಿಯರು ಮತ್ತು ಬಿಳಿಯರಲ್ಲದವರ ನಡುವಿನ ದೈಹಿಕ ಸಂಬಂಧವನ್ನು 1950ರ ಕಾಯ್ದೆ ಅಪರಾಧ ಮಾಡಿತ್ತು. ನಿನ್ನ ಬಿಳಿಯ ಅಂಗಡಿಯಾತ ಮುಚ್ಚಿಡುತ್ತಿರುವುದು ಕೊಲೆಯನ್ನಲ್ಲ, ಒಬ್ಬ ಹೆಂಗಸನ್ನು ಅಂತ ಮಾಡಿ ನೋಡು. ಹೀಗೆ ಎಲ್ಲರೂ ಸುಳ್ಳು ಹೇಳ್ತಾರೆ. ಕಾಗದಪತ್ರ ಸರಿಯಿರುವ ಕೊಲೆಗಾರನೊಬ್ಬನೇ ಹೆಚ್ಚುಕಮ್ಮಿ ನಿಜ ಹೇಳಬಲ್ಲ!

ಸುಳಿವಿಗೆ ರಕ್ತದ ಕಲೆ, ಮುರಿದ ಗಡಿಯಾರ ಎಲ್ಲ ಯಾಕೆ? ಜೇಬಲ್ಲೇ ಪಾಸ್ ಪುಸ್ತಕ ಇದೆ, ಕಪ್ಪು ಜನ ಸದಾ ಜೊತೆಗಿಟ್ಟುಕೊಳ್ಳಲೇಬೇಕಿದ್ದ ಗುರುತಿನ, ಅನುಮತಿಯ ಪುಸ್ತಕ. ಜನ ಬೈಕೊಂಡು 'ದೊಂಪಾಸ್', ಅಂದರೆ ದಡ್ಡ ಪಾಸ್, ಅನ್ನುತ್ತಿದ್ದರು. ಅದರಲ್ಲಿ ಕೆಲಸ ಕೊಟ್ಟ ಮಾಲೀಕ ಪ್ರತಿ ತಿಂಗಳೂ ಸಹಿ ಹಾಕಬೇಕಿತ್ತು. ಸತ್ತವನ ಪುಸ್ತಕದಲ್ಲಿ ಡಿಸೆಂಬರ್ ಸಹಿ ಇದೆ, ಜನವರಿಯದು ಖಾಲಿ. ಅಂದರೆ ಕೆಲಸ ಹೋಗಿದೆ, ಹೆಂಡತಿಗೆ ಹೇಳಿಲ್ಲ. ದಿನಾ ಬೆಳಿಗ್ಗೆ ಎಲ್ಲಿಗೆ ಹೋಗುತ್ತಿದ್ದ? ಖಾಲಿ ಬಿಟ್ಟ ಆ ಒಂದು ಗೆರೆಯನ್ನು ನಿನ್ನ ಅಧಿಕಾರಿ ಬೆರಳಿಟ್ಟು ನೋಡಲಿ, ಭಾಷಣದ ಮೂರೂ ಪುಟ ತಾನಾಗಿ ಬೇಡವಾಗುತ್ತೆ.

ಇದೇ ಮಾತು ಬಂದಾಗ ಒಂದು ತಪ್ಪು ಹೇಳಿಬಿಡ್ತೀನಿ. ಫೆಬ್ರವರಿ 1955ರಲ್ಲಿ ನಿನ್ನ ಅಗಸಗಿತ್ತಿ ಇದೇ ಪಾಸ್ ತೆಗೆದು ತೋರಿಸ್ತಾಳೆ. ಹೆಂಗಸರಿಗೆ ಅದನ್ನು ಹಂಚಲು ಶುರುಮಾಡಿದ್ದು 1956ರಲ್ಲಿ. ಆ ವರ್ಷ ಆಗಸ್ಟ್ 9ರಂದು ಸಾವಿರಾರು ಹೆಂಗಸರು ಪ್ರಿಟೋರಿಯಾಕ್ಕೆ ಹೋಗಿ ಪ್ರತಿಭಟಿಸಿದ್ದು ಅದಕ್ಕೇ.

ಇನ್ನು ನಿನ್ನ ಕಪ್ಪು ಕಾನ್‌ಸ್ಟೇಬಲ್. ಪಾಪ, ಬಾಗಿಲು ತೆರೆಯೋದು, ಮುಚ್ಚೋದು ಬಿಟ್ಟರೆ ಅವನಿಗೆ ಕೆಲಸವೇ ಇಲ್ಲ. ಸಾಕ್ಷಿಗಳು ಜುಲುವಿನಲ್ಲೋ ಸೋತೋದಲ್ಲೋ ಮಾತಾಡಲಿ, ಇವನು ಸಾಹೇಬನಿಗೆ ಅನುವಾದಿಸಲಿ. ಮುದುಕಿ ಎರಡು ನಿಮಿಷ ಮಾತಾಡಿದ್ದನ್ನು 'ಏನೂ ನೋಡಿಲ್ಲವಂತೆ' ಅಂತ ಒಂದೇ ಮಾತಲ್ಲಿ ಮುಗಿಸಲಿ. ಅವಳು ಹೇಳಿದ್ದೇನು ಅಂತ ಕೊನೆವರೆಗೂ ಓದುಗನಿಗೆ ಗೊತ್ತಾಗದಿದ್ದರೂ ಪರವಾಗಿಲ್ಲ.

ಕೊನೆಯ ಅಧ್ಯಾಯವನ್ನು ಮಾತ್ರ ಪೂರ್ತಿ ಬದಲಿಸು. 1955ರ ಫೆಬ್ರವರಿ 9ರಂದು ಸುಮಾರು 2,000 ಪೊಲೀಸರು ಸೋಫಿಯಾಟೌನಿಗೆ ಇಳಿದು ಮನೆಮಂದಿಯನ್ನೆಲ್ಲ ಲಾರಿಗೆ ಹತ್ತಿಸಿ ನಗರದ ಹೊರಗಿನ ಮೆಡೋಲ್ಯಾಂಡ್ಸಿಗೆ ಸಾಗಿಸಲು ಶುರುಮಾಡಿದರು. ಹೇಳಿದ ದಿನಕ್ಕಿಂತ ಮೂರು ದಿನ ಮುಂಚೆಯೇ ಬಂದಿದ್ದರು. ಮುಂದೆ ಆ ಜಾಗಕ್ಕೆ ಬಿಳಿಯರಿಗಾಗಿ ಮನೆ ಕಟ್ಟಿ 'ಟ್ರಿಯೊಂಫ್', ಅಂದರೆ ಗೆಲುವು, ಅಂತ ಹೆಸರಿಟ್ಟರು. ನಿನ್ನ ಅಧಿಕಾರಿ ಗುಟ್ಟು ಬಿಡಿಸಿಕೊಂಡು ಓಡಿ ಬರುವಾಗ ಹಿತ್ತಲೂ ಇಲ್ಲ, ಗೋಡೆಯೂ ಇಲ್ಲ, ಸಾಕ್ಷಿ ಹೇಳಬೇಕಾದ ಮುದುಕಿಯನ್ನು ಯಾವ ಲಾರಿ ಎಲ್ಲಿಗೆ ಒಯ್ದಿತೋ. ಲಾರಿ ಹತ್ತಿಸಿದ್ದು ಅವನದೇ ಇಲಾಖೆ.

ತಿದ್ದಿದ ಮೇಲೆ ಕಳಿಸು. ಅಗಸಗಿತ್ತಿಯ ಪಾಸ್ ಮೊದಲು ತೆಗಿ.

ನಿನ್ನ ಅಣ್ಣ